ಐರ್ಲೆಂಡಿನ ಫ್ಲಾ ಹಬ್ಬಕ್ಕೆ ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲಾ ಎಂದರೇನು? ಸೇಂಟ್ ಪ್ಯಾಟ್ರಿಕ್ ದಿನದ ಹಬ್ಬವೇ?

ಅಲ್ಲ. ಸೇಂಟ್ ಪ್ಯಾಟ್ರಿಕ್ ದಿನ ಬರುವುದು ಮಾರ್ಚ್ 17ಕ್ಕೆ. ಮೆರವಣಿಗೆ, ಹಸಿರು ಟೋಪಿ ಎಲ್ಲ ಅದರದ್ದು. ಫ್ಲಾ ಆಗಸ್ಟ್ ತಿಂಗಳ ಹಬ್ಬ. ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಎಂಟು ದಿನ ಐರ್ಲೆಂಡಿನ ಒಂದು ಊರು ಸಾಂಪ್ರದಾಯಿಕ ಸಂಗೀತ, ಹಾಡು, ಕುಣಿತ ಮತ್ತು ಐರಿಶ್ ಭಾಷೆಗೆ ತನ್ನನ್ನು ಪೂರ್ತಿ ಬಿಟ್ಟುಕೊಡುತ್ತದೆ. ಕಾಗದದ ಮೇಲಿನ ಹೆಸರು ಫ್ಲಾ ಕ್ಯೋಲ್ ನ ಹೇರನ್. ಬಾಯಿಮಾತಿನಲ್ಲಿ ಎಲ್ಲರಿಗೂ ಬರೀ ಫ್ಲಾ.

ನಡೆಸುವುದು ಕೋಲ್ತಸ್ ಎಂಬ ಸಂಸ್ಥೆ. ಡಬ್ಲಿನ್‌ನ ಪೈಪರ್ಸ್ ಕ್ಲಬ್‌ನವರೂ ಮಲಿಂಗಾರ್ ಪಟ್ಟಣದ ಸಂಗೀತಗಾರರೂ ಸೇರಿ 1951ರಲ್ಲಿ ಅದನ್ನು ಕಟ್ಟಿದರು. ಮೊದಲ ಫ್ಲಾ ಅದೇ ವರ್ಷ ಮಲಿಂಗಾರ್‌ನಲ್ಲಿ ನಡೆಯಿತು. ಹಳ್ಳಿಮನೆಗಳ ಒಲೆಯ ಪಕ್ಕದಲ್ಲಿ ಉಳಿದುಕೊಂಡಿದ್ದ ಸಂಗೀತ ಅಲ್ಲಿಂದ ಮುಂದೆ ಬೀದಿಗೆ ಬಂತು. ಇಂದು ಆ ಒಂದು ವಾರದಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ.

ಪ್ರತಿ ವರ್ಷ ಒಂದೇ ಊರಿನಲ್ಲಿ ನಡೆಯುತ್ತದೆಯೇ?

ಊರು ಬದಲಾಗುತ್ತದೆ. ಈಚಿನ ವರ್ಷಗಳಲ್ಲಿ ಒಂದೊಂದು ಊರಿಗೆ ಸತತ ಎರಡು ವರ್ಷ ಸಿಗುತ್ತಾ ಬಂದಿದೆ: 2016 ಮತ್ತು 17ರಲ್ಲಿ ಎನ್ನಿಸ್, 2018 ಮತ್ತು 19ರಲ್ಲಿ ಡ್ರಾಗೆಡಾ, ಕೋವಿಡ್‌ನಿಂದಾಗಿ ಎರಡು ವರ್ಷ ಬಿಡುವು, 2022 ಮತ್ತು 23ರಲ್ಲಿ ಮಲಿಂಗಾರ್, 2024 ಮತ್ತು 25ರಲ್ಲಿ ವೆಕ್ಸ್‌ಫರ್ಡ್. 2026ರದ್ದು ಬೆಲ್‌ಫಾಸ್ಟ್‌ನಲ್ಲಿ, ಆಗಸ್ಟ್ 2ರಿಂದ 9ರವರೆಗೆ ಎಂದು ನಿಗದಿಯಾಗಿದೆ. ಉತ್ತರ ಐರ್ಲೆಂಡಿಗೆ ಈ ಹಬ್ಬ ಮೊದಲ ಸಲ ಹೋದದ್ದು 2013ರಲ್ಲಿ, ಡೆರಿ ನಗರಕ್ಕೆ.

ಸಣ್ಣ ಊರಿನ ಫ್ಲಾಕ್ಕೂ ದೊಡ್ಡ ನಗರದ ಫ್ಲಾಕ್ಕೂ ವ್ಯತ್ಯಾಸವಿದೆ. ಎನ್ನಿಸ್‌ನಂಥ ಕಡೆ ಮನೆಯಿಂದ ಕಾಲಿಟ್ಟರೆ ಸಂಗೀತ. ನಗರದಲ್ಲಿ ಯಾವ ಬೀದಿಯಲ್ಲಿ ಏನಿದೆ ಎಂದು ಬೆಳಿಗ್ಗೆಯೇ ನಕ್ಷೆ ನೋಡಿಕೊಂಡು ಹೊರಡಬೇಕು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯಾವ ವೀಸಾ ಬೇಕು?

ಊರು ಯಾವುದು ಎಂಬುದರ ಮೇಲೆ ಹೋಗುತ್ತದೆ. ವೆಕ್ಸ್‌ಫರ್ಡ್, ಮಲಿಂಗಾರ್‌ಗಳು ಐರ್ಲೆಂಡ್ ಗಣರಾಜ್ಯದಲ್ಲಿವೆ, ಅಲ್ಲಿಗೆ ಐರಿಶ್ ವೀಸಾ. ಬೆಲ್‌ಫಾಸ್ಟ್ ಬ್ರಿಟನ್ನಿನ ಆಡಳಿತದಲ್ಲಿದೆ, ಅಲ್ಲಿಗೆ ಬ್ರಿಟಿಷ್ ವೀಸಾ. ಡಬ್ಲಿನ್‌ಗೆ ಇಳಿದು ರೈಲಿನಲ್ಲಿ ಬೆಲ್‌ಫಾಸ್ಟ್‌ಗೆ ಹೋಗುವವರಿಗೆ ಸಾಮಾನ್ಯವಾಗಿ ಎರಡೂ ಬೇಕು. ಶೆಂಗೆನ್ ವೀಸಾ ಎರಡು ಕಡೆಯೂ ನಡೆಯದು.

ಭಾರತದಿಂದ ಅರ್ಜಿ ಹಾಕುವವರಿಗೆ ಬ್ರಿಟಿಷ್-ಐರಿಶ್ ವೀಸಾ ಯೋಜನೆ ಎಂಬ ಸೌಲಭ್ಯವಿದೆ. ಒಂದು ದೇಶ ಕೊಟ್ಟ ಅಲ್ಪಾವಧಿ ವೀಸಾದಲ್ಲಿ ‘ಬಿಐವಿಎಸ್’ ಎಂಬ ನಮೂದು ಇದ್ದರೆ ಅದರಲ್ಲೇ ಇನ್ನೊಂದಕ್ಕೂ ಹೋಗಬಹುದು. ಆದರೆ ಮೊದಲು ಇಳಿಯಬೇಕಾದದ್ದು ವೀಸಾ ಕೊಟ್ಟ ದೇಶದಲ್ಲೇ. ಬ್ರಿಟಿಷ್ ವೀಸಾ ಹಿಡಿದು ನೇರವಾಗಿ ಡಬ್ಲಿನ್‌ಗೆ ಇಳಿದರೆ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಬಹುದು. ವೀಸಾ ಕೈಗೆ ಬಂದ ಕೂಡಲೇ ಆ ನಮೂದು ಇದೆಯೇ ನೋಡಿಕೊಂಡು, ಆಮೇಲೆ ವಿಮಾನದ ಟಿಕೆಟ್ ಮಾಡಿಸಿ.

ಡಬ್ಲಿನ್, ಕಾರ್ಕ್‌ಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರು ಎಡವುವುದು ಬೇರೆ ಕಡೆ. ಐರ್ಲೆಂಡಿನ ನಿವಾಸ ಪರವಾನಗಿ ಕಾರ್ಡ್ ಉತ್ತರ ಐರ್ಲೆಂಡಿನಲ್ಲಿ ಲೆಕ್ಕಕ್ಕಿಲ್ಲ. ಗಡಿಯಲ್ಲಿ ಗೇಟು, ಕಾವಲು ಇಲ್ಲದ್ದರಿಂದ ವೀಸಾವೂ ಬೇಡ ಎಂದುಕೊಳ್ಳುವವರು ಬಹಳ. ಕಾನೂನಿನ ಪ್ರಕಾರ ಬೇಕೇ ಬೇಕು, ಬಸ್ಸು ರೈಲುಗಳಲ್ಲಿ ಆಗಾಗ ತಪಾಸಣೆಯೂ ಆಗುತ್ತದೆ. ಸಿಕ್ಕಿಬಿದ್ದರೆ ಪೆಟ್ಟು ಬೀಳುವುದು ಮುಂದಿನ ವೀಸಾ ಅರ್ಜಿಗಳಿಗೆ.

ಎಂಟು ದಿನ ಇರಲಾಗದು. ಯಾವ ದಿನ ಹೋದರೆ ಒಳ್ಳೆಯದು?

ಕೇಳುವುದಕ್ಕೆ ಬರುವವರಿಗೆ ಮಂಗಳವಾರದಿಂದ ಗುರುವಾರ. ಇದನ್ನು ಅನುಮಾನವಿಲ್ಲದೆ ಹೇಳಬಹುದು. ಶುಕ್ರವಾರ ಸಂಜೆಯಿಂದ ಜನ ನುಗ್ಗುತ್ತಾರೆ, ಪಬ್ಬಿನೊಳಗೆ ಕಾಲಿಡಲು ಜಾಗವಿರದು, ಪಿಟೀಲಿನ ನಾದ ಮಾತಿನ ಗದ್ದಲದಲ್ಲಿ ಮುಳುಗುತ್ತದೆ. ವಾರದ ನಡುವೆ ಅದೇ ಪಬ್ಬಿನಲ್ಲಿ ನುಡಿಸುವವರಿಂದ ಎರಡು ಗಜ ದೂರದಲ್ಲಿ ಕೂರಬಹುದು. ಆ ದಿನಗಳಲ್ಲಿ ಸ್ಕೋಲ್ ಏಕ್ಶ ಎಂಬ ಬೇಸಿಗೆ ಶಾಲೆಯೂ ನಡೆಯುತ್ತಿರುವುದರಿಂದ ಊರ ತುಂಬ ಕಲಿಯುವ ಮಕ್ಕಳು, ಕಲಿಸುವ ಹಿರಿಯರು ಇರುತ್ತಾರೆ. ಮಧ್ಯಾಹ್ನ ಪಾಠ ಮುಗಿಸಿ ಬಂದ ಮಕ್ಕಳು ಫುಟ್‌ಪಾತ್ ಮೇಲೆ ಗುಂಪು ಕಟ್ಟಿ ನುಡಿಸಲು ಕೂರುತ್ತಾರೆ.

ಸ್ಪರ್ಧೆ ನೋಡಬೇಕೆಂದರೆ ಮಾತ್ರ ವಾರಾಂತ್ಯ.

ಉಳಿಯಲು ಜಾಗ ಸಿಗುತ್ತದೆಯೇ?

ಊರ ಹೆಸರು ಪ್ರಕಟವಾದ ಕೆಲವೇ ದಿನಗಳಲ್ಲಿ ಹೋಟೆಲ್‌ಗಳು ತುಂಬುತ್ತವೆ, ಉಳಿದವುಗಳ ಬಾಡಿಗೆ ಏರುತ್ತದೆ. ಊರಿನೊಳಗೇ ಇರಬೇಕೆಂಬ ಹಟ ಬಿಡಿ. ಅರ್ಧ ಗಂಟೆಯಿಂದ ಒಂದು ಗಂಟೆ ದೂರದ ಪಟ್ಟಣದಲ್ಲಿ ರೂಮು ಹಿಡಿದು ರೈಲು, ಬಸ್ಸಿನಲ್ಲಿ ಬನ್ನಿ. ವೆಕ್ಸ್‌ಫರ್ಡ್‌ಗೆ ಎನ್ನಿಸ್ಕಾರ್ತಿ ಅಥವಾ ಗೋರಿ, ಬೆಲ್‌ಫಾಸ್ಟ್‌ಗೆ ಲಿಸ್ಬರ್ನ್ ಅಥವಾ ಬ್ಯಾಂಗರ್. ಆದರೆ ಕೊನೆಯ ರೈಲಿನ ಹೊತ್ತು ಮೊದಲೇ ಬರೆದಿಟ್ಟುಕೊಳ್ಳಿ. ಪಬ್ಬಿನಲ್ಲಿ ಗುಂಪಾಗಿ ಕೂತು ನುಡಿಸುವ ಒಳ್ಳೆಯ ಸೆಷನ್‌ಗಳು ಕಾವೇರುವ ಹೊತ್ತಿಗೆ ಕೊನೆಯ ರೈಲು ಹೋಗಿರುತ್ತದೆ, ಟ್ಯಾಕ್ಸಿಗೆ ಒಂದು ಗಂಟೆ ಕಾಯಬೇಕಾಗುತ್ತದೆ. ಮಧ್ಯಾಹ್ನದ ಸೆಷನ್‌ಗಳನ್ನೇ ನೆಚ್ಚಿಕೊಂಡರೆ ಈ ತಾಪತ್ರಯವಿಲ್ಲ.

ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಎಂಟರ್‌ಪ್ರೈಸ್ ರೈಲಿನಲ್ಲಿ ಎರಡು ಗಂಟೆಯ ಹಾದಿ, ಇಳಿಯುವುದು ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ. ಆಚೆ ಪೌಂಡ್, ಈಚೆ ಯೂರೊ ಎಂಬುದು ನೆನಪಿರಲಿ.

ಟಿಕೆಟ್ ಎಷ್ಟು?

ಬೀದಿಯಲ್ಲಿ, ಪಬ್ಬಿನಲ್ಲಿ, ಬಯಲು ವೇದಿಕೆಗಳಲ್ಲಿ ನಡೆಯುವುದೆಲ್ಲ ಉಚಿತ. ಸಂಜೆಯ ಕಛೇರಿಗಳಿಗೆ, ಕೇಲಿ ಎಂಬ ದೊಡ್ಡ ಗುಂಪು ಕುಣಿತಗಳಿಗೆ, ಸ್ಪರ್ಧೆಗಳಿಗೆ ಟಿಕೆಟ್ ಇದೆ. ಕೊನೆಯ ಭಾನುವಾರ ನಡೆಯುವ ಹಿರಿಯರ (18ರ ಮೇಲಿನವರ) ಕೇಲಿ ಬ್ಯಾಂಡ್ ಸ್ಪರ್ಧೆಯ ಫೈನಲ್ ಟಿಕೆಟ್ ಎಲ್ಲಕ್ಕಿಂತ ಮೊದಲು ಖರ್ಚಾಗುತ್ತದೆ. ಒಂದೇ ಒಂದು ಟಿಕೆಟ್ ತೆಗೆದುಕೊಳ್ಳುವುದಾದರೆ ಅದನ್ನೇ ತೆಗೆದುಕೊಳ್ಳಿ.

ಸೆಷನ್ ಎಂದರೇನು? ಅಲ್ಲಿ ಹೇಗೆ ನಡೆದುಕೊಳ್ಳಬೇಕು?

ಈ ಹಬ್ಬದ ಜೀವ ಇರುವುದೇ ಸೆಷನ್‌ನಲ್ಲಿ. ಪಬ್ಬಿನ ಮೂಲೆಯಲ್ಲಿ ಒಂದು ಮೇಜಿನ ಸುತ್ತ ಐದಾರು ಜನ ಒಬ್ಬರಿಗೊಬ್ಬರು ಮುಖ ಕೊಟ್ಟು ಕೂತು ನುಡಿಸುತ್ತಾರೆ. ವೇದಿಕೆಯಿಲ್ಲ, ಹೆಚ್ಚಿನ ಕಡೆ ಮೈಕೂ ಇಲ್ಲ. ಪಿಟೀಲು, ಮರದ ಕೊಳಲು, ಟಿನ್ ವಿಸಲ್, ಗುಂಡಿಗಳ ಅಕಾರ್ಡಿಯನ್, ಕನ್ಸರ್ಟೀನಾ, ನಾಲ್ಕು ತಂತಿಯ ಬ್ಯಾಂಜೊ. ಅದೃಷ್ಟವಿದ್ದರೆ ಇಲನ್ ಪೈಪ್ ಕೂಡ: ಉಸಿರು ಊದದೆ, ಮೊಣಕೈ ಕೆಳಗಿನ ತಿದಿಯಿಂದ ಗಾಳಿ ತುಂಬಿ ನುಡಿಸುವ ಈ ವಾದ್ಯವನ್ನು 2017ರಲ್ಲಿ ಯುನೆಸ್ಕೊ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು.

ಒಬ್ಬರು ಒಂದು ಟ್ಯೂನ್ ಎತ್ತಿಕೊಳ್ಳುತ್ತಾರೆ. ಗೊತ್ತಿದ್ದವರು ಎರಡನೇ ಸಾಲಿಗೆ ಬಂದು ಸೇರುತ್ತಾರೆ, ಗೊತ್ತಿಲ್ಲದವರು ವಾದ್ಯ ಮಡಿಲಲ್ಲಿಟ್ಟು ಸುಮ್ಮನಿರುತ್ತಾರೆ. ಟ್ಯೂನ್‌ಗೆ ಸಾಮಾನ್ಯವಾಗಿ ಎರಡು ಭಾಗ, ಒಂದೊಂದೂ 8 ಬಾರ್, ಅಂದರೆ ತಾಳದ 8 ಆವರ್ತ. ಎರಡನ್ನೂ ಎರಡೆರಡು ಸಲ ನುಡಿಸಿದರೆ 32 ಬಾರ್‌ನ ಒಂದು ಸುತ್ತು. ಎರಡು ಮೂರು ಸುತ್ತಾದ ಮೇಲೆ ಎತ್ತಿಕೊಂಡವರು ತಲೆಯೆತ್ತಿ ಉಳಿದವರ ಕಣ್ಣು ನೋಡುತ್ತಾರೆ, ಇಲ್ಲವೇ ‘ಹಪ್’ ಎನ್ನುತ್ತಾರೆ. ಮರುಕ್ಷಣ ತಾಳ ಒಂದಿಷ್ಟೂ ಮುರಿಯದೆ ಬೇರೊಂದು ಟ್ಯೂನ್, ಎಷ್ಟೋ ಸಲ ಬೇರೊಂದು ಶ್ರುತಿ. ಆ ತಿರುವಿನಲ್ಲಿ ಇಡೀ ಮೇಜು ಒಟ್ಟಿಗೆ ಮೇಲೇಳುತ್ತದೆ, ಪಾದಗಳ ತಟ್ಟು ಜೋರಾಗುತ್ತದೆ. ಅದಕ್ಕಾಗಿಯೇ ಕಾದು ಕೂರಬೇಕು. ಹೀಗೆ ಮೂರು ಟ್ಯೂನ್ ಸೇರಿ ಒಂದು ಸೆಟ್. ಚಪ್ಪಾಳೆ ಸೆಟ್ ಮುಗಿದ ಮೇಲೆ. ನಡುವೆ ಕೈತಟ್ಟಿ ತಾಳ ಹಾಕಬೇಡಿ, ದೂರದಿಂದ ಬರುವ ಚಪ್ಪಾಳೆ ಯಾವಾಗಲೂ ಸ್ವಲ್ಪ ಹಿಂದೆ ಬಿದ್ದು ನುಡಿಸುವವರ ಲಯ ಕೆಡಿಸುತ್ತದೆ.

ಮೇಜಿನ ಸುತ್ತ ಖಾಲಿ ಸ್ಟೂಲ್ ಕಂಡರೂ ಕೂರಬೇಡಿ. ಅದು ಹೊರಗೆ ಹೋದ ಸಂಗೀತಗಾರರದು, ಅಥವಾ ಬರಲಿರುವವರದು. ವಾದ್ಯದ ಪೆಟ್ಟಿಗೆಯ ಮೇಲೆ ಲೋಟ ಇಡಬೇಡಿ. ರೆಕಾರ್ಡ್ ಮಾಡುವ ಮುನ್ನ ಕಣ್ಣಲ್ಲೇ ಕೇಳಿದರೂ ಸಾಕು, ಕೇಳಿ. ಫ್ಲ್ಯಾಶ್ ಬೇಡ. ‘ಆ ಫೇಮಸ್ ಹಾಡು ನುಡಿಸಿ’ ಎಂಬ ಬೇಡಿಕೆಯಂತೂ ಬೇಡವೇ ಬೇಡ. ಮತ್ತೆ, ಯಾರಾದರೂ ವಾದ್ಯಗಳನ್ನು ನಿಲ್ಲಿಸಿ ಕಣ್ಣು ಮುಚ್ಚಿ ಹಾಡಲು ಶುರು ಮಾಡಿದರೆ ಇಡೀ ಪಬ್ಬು ಸ್ತಬ್ಧವಾಗುತ್ತದೆ. ಶಾನ್-ನೋಸ್ ಎಂಬ ಆ ಹಳೆಯ ಗಾಯನಕ್ಕೆ ಪಕ್ಕವಾದ್ಯವಿಲ್ಲ, ತಾಳದ ಕಟ್ಟೂ ಸಡಿಲ. ಆ ಹೊತ್ತಿನಲ್ಲಿ ಕೌಂಟರ್‌ಗೆ ಹೋಗಿ ಆರ್ಡರ್ ಕೊಡುವುದೂ ಅಗೌರವ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಒಗ್ಗುತ್ತದೆಯೇ?

ಬೇಗ ಒಗ್ಗುತ್ತದೆ. ಇದೂ ಮುಖ್ಯವಾಗಿ ಒಂದೇ ಸ್ವರದ ಎಳೆ ಹಿಡಿದು ಸಾಗುವ ಸಂಗೀತ, ಕಲಿಕೆಯೂ ಬಹುಮಟ್ಟಿಗೆ ಕಿವಿಯಿಂದಲೇ. ಮೇಜರ್ ಟ್ಯೂನ್‌ಗಳಲ್ಲಿ ಶಂಕರಾಭರಣದ ಸ್ವರಗಳು ಕೇಳುತ್ತವೆ, ಮಿಕ್ಸೋಲಿಡಿಯನ್ ಎಂಬ ಸ್ವರಶ್ರೇಣಿಯಲ್ಲಿ ಹರಿಕಾಂಭೋಜಿಯವು, ಡೋರಿಯನ್ ಎಂಬುದರಲ್ಲಿ ಖರಹರಪ್ರಿಯದವು. ಗಮಕವನ್ನು ಹುಡುಕಬೇಡಿ, ಸಿಗದು. ಅದರ ಜಾಗದಲ್ಲಿ ಕಟ್, ರೋಲ್ ಎಂಬ ಮಿಂಚಿನಂಥ ಅಲಂಕಾರಗಳಿವೆ. ರೋಲ್ ಎಂದರೆ ಒಂದೇ ಸ್ವರವನ್ನು ಮೂರು ಸಲ ನುಡಿಸಿ, ನಡುವೆ ಒಮ್ಮೆ ಮೇಲಿನ ಸ್ವರದಿಂದ, ಒಮ್ಮೆ ಕೆಳಗಿನ ಸ್ವರದಿಂದ ಕತ್ತರಿಸುವುದು.

ಲಯ ಗುರುತಿಸಲು ಒಳಗೊಳಗೇ ಹೀಗೆ ಹೇಳಿಕೊಳ್ಳಿ. ‘ತಕಧಿಮಿ ತಕಧಿಮಿ’ ಕೂತರೆ ಅದು ರೀಲ್. ‘ತಕಿಟ ತಕಿಟ’ ಕೂತರೆ ಜಿಗ್. ಮೂರು ತಕಿಟ ಸೇರಿ ಒಂದು ಸುತ್ತಾದರೆ ಸ್ಲಿಪ್ ಜಿಗ್. ರೀಲ್‌ನಂತೆಯೇ ಇದ್ದು ನಿಧಾನವಾಗಿ, ಕುಂಟುತ್ತಾ ಸಾಗಿದರೆ ಹಾರ್ನ್‌ಪೈಪ್.

ಎರಡು ಸಂಗೀತಗಳ ಭೇಟಿ ಹೊಸದೂ ಅಲ್ಲ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಾಹಿತ್ಯ ಕಟ್ಟಿದ ನೊಟ್ಟುಸ್ವರಗಳಲ್ಲಿ ‘ವಂದೇ ಮೀನಾಕ್ಷಿ’ಯ ಮಟ್ಟು ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಐರಿಶ್ ಟ್ಯೂನ್‌ನದು. ಮ್ಯಾಲೋ ಎಂಬ ಊರು ಇರುವುದು ಕಾರ್ಕ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ). ಅದನ್ನು ಹಾಡಿಕೊಂಡು ಬೆಳೆದವರಿಗೆ ಫ್ಲಾದಲ್ಲಿ ಯಾರಾದರೂ ಆ ಟ್ಯೂನ್ ಎತ್ತಿಕೊಂಡರೆ ಕೂಡಲೇ ಗುರುತು ಸಿಗುತ್ತದೆ.

ನನಗೂ ನುಡಿಸಲು ಬರುತ್ತದೆ. ಸೆಷನ್‌ಗೆ ಸೇರಬಹುದೇ?

ಸೇರಬಹುದು, ಕೇಳಿ ಸೇರಬೇಕು. ಎರಡು ಸೆಟ್ ಸುಮ್ಮನೆ ಕೇಳಿ, ವೇಗ ಮತ್ತು ಮಟ್ಟ ತಿಳಿದುಕೊಳ್ಳಿ, ಆಮೇಲೆ ಟ್ಯೂನ್ ಎತ್ತುತ್ತಿರುವ ಹಿರಿಯರನ್ನು ಕೇಳಿ. ಅವರ ಟ್ಯೂನ್‌ಗಳು ನಿಮಗೆ ಗೊತ್ತಿಲ್ಲದಿದ್ದರೆ ಅಂದಾಜಿನ ಮೇಲೆ ನುಡಿಸಬೇಡಿ. ಸ್ಥಳದಲ್ಲೇ ಹೊಸದಾಗಿ ಕಟ್ಟಿ ನುಡಿಸುವ ಮನೋಧರ್ಮಕ್ಕೆ ಇಲ್ಲಿ ಬೆಲೆ ಬೇರೆ, ಇಡೀ ಮೇಜು ಒಂದೇ ಟ್ಯೂನನ್ನು ಒಂದೇ ಕಟ್ಟಿನಲ್ಲಿ ನುಡಿಸಬೇಕು.

ಖಂಜಿರ ನುಡಿಸುವವರಿಗೆ ಬೌರಾನ್ ಕಂಡ ಕೂಡಲೇ ಕೈ ತುರಿಸುವುದು ಸಹಜ. ಇದೂ ಒಂದೇ ಮುಖದ ಚರ್ಮವಾದ್ಯ, ಆಡಿನ ಚರ್ಮದ್ದು. ಒಂದು ಕೈಯಲ್ಲಿ ಸಣ್ಣ ಕೋಲಿನ ಹೊಡೆತ, ಇನ್ನೊಂದು ಕೈ ಚರ್ಮದ ಒಳಮೈ ಒತ್ತಿ ಶ್ರುತಿ ಏರಿಳಿಸುತ್ತದೆ. ಆದರೆ ಒಂದು ಸೆಷನ್‌ಗೆ ಒಂದೇ ಬೌರಾನ್ ಎಂಬುದು ಬರೆಯದ ಕಟ್ಟಳೆ. ಎರಡಾದರೆ ಲಯ ಎರಡಾಗುತ್ತದೆ. ಮೃದಂಗ, ತಬಲಾ ತಂದವರು ಕೂಡ ಇರುವ ಬೌರಾನ್‌ನವರು ಬಿಡುವು ಕೊಟ್ಟಾಗ ಮಾತ್ರ ಸೇರಿ.

ಹೊಸದಾಗಿ ಕಲಿಯುವ ಆಸೆ ಇದ್ದರೆ ಡಿ ಶ್ರುತಿಯ ಟಿನ್ ವಿಸಲ್ ಕೊಳ್ಳಿ. ಆರು ರಂಧ್ರ, ಬೆಲೆ ಸುಮಾರು 10ರಿಂದ 15 ಯೂರೊ. ಬೇರೆ ಶ್ರುತಿಯದನ್ನು ಕೊಂಡರೆ ಸೆಷನ್‌ನ ಹೆಚ್ಚಿನ ಟ್ಯೂನ್‌ಗಳಿಗೆ ಹೊಂದದು.

ಕುಣಿಯಲು ಬಾರದವರು ಕೇಲಿಗೆ ಹೋಗಬಹುದೇ?

ಧಾರಾಳವಾಗಿ. ಬೀದಿಯಲ್ಲಿ ನಡೆಯುವ ಕೇಲಿಗಳಲ್ಲಿ ಒಬ್ಬರು ಮೈಕ್ ಹಿಡಿದು ಮುಂದಿನ ಹೆಜ್ಜೆ ಕೂಗಿ ಹೇಳುತ್ತಿರುತ್ತಾರೆ. ಹೊಸಬರಿಗೆ ‘ವಾಲ್ಸ್ ಆಫ್ ಲಿಮರಿಕ್’ ಎಲ್ಲಕ್ಕಿಂತ ಸುಲಭ. ಜೋಡಿಗೆ ಜೋಡಿ ಎದುರುಬದುರು ನಿಲ್ಲಬೇಕು. ಮೊದಲು ಮುಂದೆ ಹೋಗಿ ಹಿಂದೆ ಬರುವುದು, ಎರಡು ಸಲ. ಆಮೇಲೆ ಎದುರುಬದುರಿನ ಹೆಂಗಸರು ಜಾಗ ಬದಲಿಸುತ್ತಾರೆ, ಅವರ ಹಿಂದೆಯೇ ಗಂಡಸರು. ಮೂರನೆಯದಾಗಿ ಎದುರಿನವರ ಬಲಗೈ ಹಿಡಿದು ಪಕ್ಕಕ್ಕೆ ಸರಿದು ಮರಳುವುದು. ಕೊನೆಗೆ ನಿಮ್ಮ ಜೋಡಿಯೊಂದಿಗೇ ಎದುರಿನ ಜೋಡಿಯನ್ನು ಒಂದು ಸುತ್ತು ಹಾಕಿ, ಅವರಿಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಹೊಸ ಜೋಡಿ ಇರುತ್ತದೆ. ನಾಲ್ಕೂ ಭಾಗ ಎಂಟೆಂಟು ಬಾರ್, ಟ್ಯೂನ್‌ನ ಒಂದು ಸುತ್ತಿಗೆ ಸರಿಯಾಗುತ್ತದೆ.

ಪಕ್ಕಕ್ಕೆ ಸರಿಯುವ ಹೆಜ್ಜೆಯ ಲೆಕ್ಕ ಏಳು ಮತ್ತು ಮೂರು: ಪಕ್ಕಕ್ಕೆ ಏಳು ಹೆಜ್ಜೆ, ನಿಂತಲ್ಲೇ ಮೂರು, ಮತ್ತೆ ಮೂರು. ಹೊಸಬರು ತಪ್ಪುವುದು ಹೆಜ್ಜೆ ದೊಡ್ಡದಾಗಿ ಹಾಕಿ. ಏಳು ಹೆಜ್ಜೆಗೆ ನಾಲ್ಕಡಿ ಸರಿದರೆ ಸಾಕು. ಅದಕ್ಕಿಂತ ಮುಂದೆ ಹೋದರೆ ಮರಳುವ ಹೊತ್ತಿಗೆ ತಾಳ ತಪ್ಪುತ್ತದೆ, ಪಕ್ಕದ ಸಾಲಿಗೆ ಡಿಕ್ಕಿ. ಕಾಲಿಗೆ ನುಣುಪು ತಳದ ಶೂ ಇರಲಿ. ಓಟದ ರಬ್ಬರ್ ಶೂ ನೆಲ ಕಚ್ಚಿಕೊಳ್ಳುವುದರಿಂದ ಗಿರಕಿ ಹೊಡೆಯುವಾಗ ಮಂಡಿ ತಿರುಚುತ್ತದೆ.

ಸೆಟ್ ಡಾನ್ಸ್ ಬೇರೆ. ಅದರಲ್ಲಿ ನಾಲ್ಕು ಜೋಡಿ ಚೌಕಾಕಾರದಲ್ಲಿ ನಿಂತು ಹಲವು ಭಾಗಗಳನ್ನು ಬಾಯಿಪಾಠದಿಂದ ಕುಣಿಯುತ್ತಾರೆ. ಒಬ್ಬರು ತಪ್ಪಿದರೆ ಎಂಟೂ ಜನ ನಿಲ್ಲಬೇಕು. ಬಲ್ಲವರೊಬ್ಬರು ನಿಮ್ಮ ಜೋಡಿಯಾಗಲು ಒಪ್ಪಿದರೆ ಮಾತ್ರ ಇಳಿಯಿರಿ.

ಸ್ಪರ್ಧೆಗಳು ಹೇಗೆ ನಡೆಯುತ್ತವೆ?

ಮೊದಲು ಕೌಂಟಿ ಮಟ್ಟ, ಆಮೇಲೆ ಪ್ರಾಂತ ಮಟ್ಟ, ಗೆದ್ದವರಿಗೆ ಇಲ್ಲಿ ಅವಕಾಶ. ಬ್ರಿಟನ್, ಉತ್ತರ ಅಮೆರಿಕದ ಸುತ್ತುಗಳಲ್ಲಿ ಗೆದ್ದವರೂ ಬರುತ್ತಾರೆ. ವಯಸ್ಸಿನ ವಿಭಾಗ ನಾಲ್ಕು: 12ರ ಒಳಗೆ, 12ರಿಂದ 15, 15ರಿಂದ 18, 18ರ ಮೇಲೆ. ನಡೆಯುವುದು ಶಾಲೆ, ಸಭಾಭವನಗಳ ಕೋಣೆಗಳಲ್ಲಿ. ಒಬ್ಬರು ನುಡಿಸುತ್ತಿರುವಾಗ ಬಾಗಿಲು ತೆರೆಯಬಾರದು, ಫೋನ್ ಹೊರತೆಗೆಯಬಾರದು. ಸ್ಪರ್ಧಿಗಳಲ್ಲಿ ಮಕ್ಕಳೇ ಹೆಚ್ಚು. 12ರ ಒಳಗಿನವರ ಪಿಟೀಲು ಅಥವಾ ವಿಸಲ್ ಸ್ಪರ್ಧೆಗೆ ಅರ್ಧ ಗಂಟೆಯಾದರೂ ಕೂತು ಬನ್ನಿ. ಈ ಸಂಗೀತ ಏಕೆ ಅಳಿಯಲಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮಕ್ಕಳನ್ನು ಪಬ್ಬಿಗೆ ಕರೆದೊಯ್ಯಬಹುದೇ?

ಹಗಲಲ್ಲಿ ಹಿರಿಯರ ಜೊತೆ ಹೋಗಬಹುದು. ಗಣರಾಜ್ಯದಲ್ಲಿ ಮೇನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ 10ರ ತನಕ ಕಾನೂನಿನ ಅನುಮತಿಯಿದೆ. ಉತ್ತರ ಐರ್ಲೆಂಡಿನಲ್ಲಿ ನಿಯಮ ಇನ್ನೂ ಬಿಗಿ. ಎರಡೂ ಕಡೆ ಪಬ್ಬಿನವರು ಇನ್ನೂ ಬೇಗ ಹೊರಡಿ ಎನ್ನಬಹುದು, ಅವರ ಮಾತೇ ಕೊನೆ.

ಕುಡಿಯದವರು ಪಬ್ಬಿನಲ್ಲಿ ಏನು ಮಾಡಬೇಕು?

ಚಹಾ ಕೇಳಿ, ಕೊಡುತ್ತಾರೆ. ‘ಮಿನರಲ್’ ಎಂದರೆ ಅಲ್ಲಿ ಕೋಲಾ, ಆರೆಂಜ್‌ನಂಥ ತಂಪು ಪಾನೀಯ. ನಲ್ಲಿ ನೀರಿಗೆ ದುಡ್ಡಿಲ್ಲ. ಮುಜುಗರವಾಗುವುದು ‘ರೌಂಡ್’ ಪದ್ಧತಿಯಲ್ಲಿ: ಗುಂಪಿನಲ್ಲಿ ಒಬ್ಬೊಬ್ಬರು ಸರದಿಯ ಮೇಲೆ ಎಲ್ಲರಿಗೂ ಕೊಡಿಸುತ್ತಾರೆ. ಒಮ್ಮೆ ತೆಗೆದುಕೊಂಡರೆ ನಿಮ್ಮ ಸರದಿ ಬಂದಾಗ ನೀವೂ ಕೊಡಿಸಬೇಕು, ತಪ್ಪಿಸಿಕೊಂಡರೆ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಬೇಡವಾದರೆ ಮೊದಲ ಸಲವೇ ‘ನನ್ನದು ನಾನೇ ತಂದುಕೊಳ್ಳುತ್ತೇನೆ’ ಎಂದುಬಿಡಿ.

ಸಸ್ಯಾಹಾರ ಸಿಗುತ್ತದೆಯೇ?

ಸಿಗುತ್ತದೆ, ಕೇಳಿ ತಿನ್ನಬೇಕು. ತರಕಾರಿ ಸೂಪ್ ಎಂದಿದ್ದರೂ ಕೆಲವು ಕಡೆ ಕೋಳಿಯ ಸ್ಟಾಕ್‌ನಲ್ಲಿ ಮಾಡಿರುತ್ತಾರೆ. ಕೆಲವು ಅಂಗಡಿಗಳು ಆಲೂಗಡ್ಡೆ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ‘ಯಾವ ಎಣ್ಣೆ?’ ಎಂದು ಕೇಳಿದರೆ ಸಾಕು, ಮರೆಮಾಚುವುದಿಲ್ಲ. ಬ್ಲ್ಯಾಕ್ ಪುಡ್ಡಿಂಗ್ ಹೆಸರು ನೋಡಿ ಸಿಹಿ ಎಂದುಕೊಳ್ಳಬೇಡಿ, ಅದು ಹಂದಿಯ ರಕ್ತ ಮತ್ತು ಓಟ್ಸ್‌ನದು.

ನೆಮ್ಮದಿಯಾಗಿ ತಿನ್ನಬಹುದಾದದ್ದು ಕಂದು ಸೋಡಾ ಬ್ರೆಡ್: ಗೋಧಿ ಹಿಟ್ಟು, ಮಜ್ಜಿಗೆ, ಅಡುಗೆ ಸೋಡಾ, ಉಪ್ಪು. ಬೆಣ್ಣೆ ದಪ್ಪಗೆ ಹಚ್ಚಿಕೊಳ್ಳಿ, ಐರ್ಲೆಂಡಿನ ಬೆಣ್ಣೆಗೆ ಆ ಗೌರವ ಸಲ್ಲಬೇಕು. ಉತ್ತರದಲ್ಲಿ ಚ್ಯಾಂಪ್ ಎಂಬುದೊಂದಿದೆ: ಹಿಸುಕಿದ ಆಲೂಗಡ್ಡೆಗೆ ಬಿಸಿ ಹಾಲು, ಈರುಳ್ಳಿ ಸೊಪ್ಪು ಬೆರೆಸಿ, ನಡುವೆ ಗುಳಿ ಮಾಡಿ ಬೆಣ್ಣೆ ಹಾಕಿ ಕೊಡುತ್ತಾರೆ. ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಎನಿಸುವುದು ನಿಜ.

ಏನೇನು ಕಟ್ಟಿಕೊಳ್ಳಬೇಕು?

ಆಗಸ್ಟ್‌ನಲ್ಲೂ ಹಗಲಿನ ತಾಪ ಹೆಚ್ಚಿನ ದಿನ 20 ಡಿಗ್ರಿಯ ಆಸುಪಾಸು. ದಿನಕ್ಕೆ ನಾಲ್ಕು ಸಲ ಸಣ್ಣ ಮಳೆ ಬಂದು ಹೋಗುತ್ತದೆ. ಕಿಕ್ಕಿರಿದ ಬೀದಿಯಲ್ಲಿ ಛತ್ರಿ ಬಿಚ್ಚಿದರೆ ಹಿಂದಿನವರ ಕಣ್ಣಿಗೆ ತಗಲುತ್ತದೆ, ಟೋಪಿ ಇರುವ ಮಳೆಕೋಟು ತನ್ನಿ. ಚಾರ್ಜರ್‌ಗೆ ಮೂರು ಚೌಕ ಪಿನ್ನಿನ ಅಡಾಪ್ಟರ್. ಹೊತ್ತು ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಬೆಳಕು ನೋಡಿಕೊಂಡು ಊಟಕ್ಕೆ ಕಾದರೆ ಅಡುಗೆಮನೆ ಮುಚ್ಚಿರುತ್ತದೆ, ಎಂಟರೊಳಗೆ ಊಟ ಮುಗಿಸಿ.

ಐರಿಶ್ ಭಾಷೆ ಬಾರದಿದ್ದರೆ ತೊಂದರೆಯೇ?

ಎಲ್ಲರೂ ಇಂಗ್ಲಿಷ್ ಆಡುತ್ತಾರೆ. ಆದರೂ ಸೆಟ್ ಮುಗಿದಾಗ ‘ಗೊ ರೆವ್ ಮಾ ಅಗತ್’ ಎಂದು ಧನ್ಯವಾದ ಹೇಳಿದರೆ ಮುಖ ಅರಳುತ್ತದೆ. ತಿಳಿದಿರಲೇಬೇಕಾದದ್ದು ಶೌಚಾಲಯದ ಬಾಗಿಲಿನ ಬರಹ. ಎಫ್ ಅಕ್ಷರದಿಂದ ಶುರುವಾಗುವ ‘ಫಿರ್’ ಗಂಡಸರದು, ಎಂ ಅಕ್ಷರದ ‘ಮ್ನಾ’ ಹೆಂಗಸರದು. ಇಂಗ್ಲಿಷಿನ ಅಂದಾಜಿನಲ್ಲಿ ನುಗ್ಗಿದರೆ ತಪ್ಪು ಬಾಗಿಲೇ.

ಆಗಸ್ಟ್‌ನಲ್ಲಿ ಐರ್ಲೆಂಡಿಗೆ ಹೋಗಲಾಗದು. ಬೇರೆ ದಾರಿ ಇದೆಯೇ?

ಐರ್ಲೆಂಡಿನಲ್ಲೇ ಇರುವವರು ಬೇಸಿಗೆಯ ಆರಂಭದಿಂದ ನಡೆಯುವ ಕೌಂಟಿ ಫ್ಲಾಗಳಿಗೆ ಹೋಗಬಹುದು. ಜನ ಕಡಿಮೆ, ರೂಮು ಸಿಗುತ್ತದೆ, ಸ್ಪರ್ಧೆಯ ಮಕ್ಕಳೆಲ್ಲ ಆಯಾ ಊರಿನವರೇ. ಬ್ರಿಟನ್‌ನಲ್ಲಿರುವವರಿಗೆ ಅಲ್ಲಿನ ಪ್ರಾದೇಶಿಕ ಫ್ಲಾಗಳಿವೆ. ಅಮೆರಿಕದ ಕನ್ನಡಿಗರಿಗೆ ಮಿಲ್ವಾಕಿ ನಗರದ ಐರಿಶ್ ಫೆಸ್ಟ್ ಇದೆ. 1981ರಲ್ಲಿ ಶುರುವಾದದ್ದು, ಮಿಶಿಗನ್ ಸರೋವರದ ದಡದ ಮೈದಾನದಲ್ಲಿ ಆಗಸ್ಟ್ ತಿಂಗಳ ಒಂದು ವಾರಾಂತ್ಯ ನಡೆಯುತ್ತದೆ. ಅದು ಬೇಲಿಯೊಳಗಿನ, ವೇದಿಕೆಗಳ ಹಬ್ಬ, ಒಳಗೆ ಹೋಗಲು ಟಿಕೆಟ್ ಬೇಕು. ಕುಟುಂಬದೊಂದಿಗೆ ಒಂದು ದಿನ ಕಳೆಯಲು ಅನುಕೂಲ. ಫ್ಲಾದ ಸೆಷನ್ ಕೇಳಬೇಕೆನ್ನುವವರು ಮಾತ್ರ ಐರ್ಲೆಂಡಿಗೇ ಹೋಗಬೇಕು.